ಒಂದಕ್ಷರವೂ ತಪ್ಪದ ಪಟ್ಟಿ

ಹೂ ಕಟ್ಟುವ ದ್ಯಾಮವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ. ಸೊಸೆ ಸಾವಂತ್ರಿ ದಿನಾ ಪಕ್ಕದಲ್ಲಿ ಕೂತು, ಅವಳ ಅಂಗೈ ಮೇಲೆ ಬೆರಳಿನಿಂದ ಬರೆದು ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಆಮೇಲೆ ಮಗ ಒಂದು ಯಂತ್ರದ ಪಟ್ಟಿ ತಂದು ಅವ್ವನ ಮಣಿಕಟ್ಟಿಗೆ ಕಟ್ಟಿದ. ಸುತ್ತ ಆಡಿದ ಮಾತನ್ನೆಲ್ಲ ಅದು ಅಕ್ಷರಕ್ಕೊಂದು ಬಗೆಯಲ್ಲಿ ನಡುಗಿ ಚರ್ಮಕ್ಕೆ ಮುಟ್ಟಿಸುತ್ತಿತ್ತು. ಎರಡೇ ತಿಂಗಳಲ್ಲಿ ದ್ಯಾಮವ್ವ ಆ ನಡುಕವನ್ನು ಓದಲು ಕಲಿತಳು.

ಪಟ್ಟಿಗೆ ಜಂಬ ತಲೆಗೇರಿತು. ಪಕ್ಕದ ಗಾಜಿನ ಬಳೆಗೆ ಅದು ಹೇಳಿತು: "ಇಷ್ಟು ದಿನ ನೀನು ಗಲಗಲ ಅಂದದ್ದೇ ಬಂತು. ಈಕೆಗೆ ಒಂದು ದಿನವಾದರೂ ಕೇಳಿಸಿತೆ? ನಾನು ಬಂದಮೇಲೆ ಒಂದು ಮಾತೂ ತಪ್ಪಿಲ್ಲ."

"ನಿಜ," ಎಂದಿತು ಬಳೆ. "ಆದರೆ ನೀನು ಬಂದಮೇಲೆ ನನಗೆ ಸೊಸೆಯ ಕೈಬಳೆ ತಾಗಿಲ್ಲ."

"ಅದು ನನ್ನ ಕೆಲಸವಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಸಾವಂತ್ರಿ ನೆರೆಯವಳಿಗೆ ಹೇಳಿದಳು: "ಪಟ್ಟಿ ಬಂದು ನಾ ಬದುಕಿದೆ ನೋಡವ್ವ. ದಿನಾ ಅತ್ತಿ ಕೈ ಹಿಡಕೊಂಡು ಕೂಡೋದು ತಪ್ಪಿತು."

ಪಟ್ಟಿ ಒಂದಕ್ಷರವನ್ನೂ ಬಿಡದೆ ಮುಟ್ಟಿಸಿತು.

ದ್ಯಾಮವ್ವನ ಬೆರಳಲ್ಲಿ ದಾರ ನಿಂತಿತು. ಆಕೆ ಪಟ್ಟಿಯನ್ನು ಬಿಚ್ಚಿ ಹೂಬುಟ್ಟಿಗೆ ಹಾಕಿದಳು. "ಸಾವಂತ್ರಿ, ಇದು ಕೆಟ್ಟೈತಿ ನೋಡು, ಏನೂ ಹೇಳವಲ್ದು," ಎಂದು ಕೂಗಿ ಅಂಗೈ ಚಾಚಿದಳು.

ಸಾವಂತ್ರಿ ಗೊಣಗುತ್ತ ಬಂದು ಪಕ್ಕದಲ್ಲಿ ಕೂತಳು. ಬಳೆಗೆ ಬಳೆ ತಾಗಿತು. ಪಟ್ಟಿ ಮಾತ್ರ ಬುಟ್ಟಿಯೊಳಗಿಂದಲೇ ಆ ಗೊಣಗಾಟವನ್ನು ಒಂದಕ್ಷರವೂ ತಪ್ಪದಂತೆ ಮಲ್ಲಿಗೆ ಮೊಗ್ಗುಗಳಿಗೆ ಮುಟ್ಟಿಸುತ್ತಿತ್ತು.