ನಡುವೆ ನಿಂತು ನಡೆಸುವ ದೋಣಿ

"ಗುರುಗಳೇ, ಒಳಗಿನ ಭಯ ಹೊರಗೆ ಕಾಣದ ಹಾಗೆ ಇರುವುದು ಹೇಗೆ?"

ಕೇಳಿದವನು ಶಿಷ್ಯ ಸಂಗಯ್ಯ. ಮರುದಿನ ಅವನು ಮಠದ ಹೊಸ ಶಾಖೆಗೆ ಹೊರಡಬೇಕಿತ್ತು. ಅಲ್ಲಿ ಕಲಿಯಲು ಬಂದವರು ಆಗಲೇ ಸೇರಿದ್ದರು. ಅವರಿಗೆ ಇನ್ನು ಮುಂದೆ ಇವನೇ ಹಿರಿಯ. "ನನ್ನ ಕೈ ನಡುಗುವುದನ್ನು ಅವರು ಕಂಡರೆ ಮುಗಿಯಿತು. ನೀವು ಒಮ್ಮೆಯೂ ಅಳುಕಿದ್ದನ್ನು ನಾನು ನೋಡಿಲ್ಲ. ಆ ಉಪಾಯವನ್ನು ನನಗೂ ಹೇಳಿಕೊಡಿ," ಎಂದ.

ಗುರು ಉಪಾಯ ಹೇಳಲಿಲ್ಲ. ಕೂತುಕೋ ಎಂದು ಕೈ ತೋರಿಸಿ ಈ ಕತೆ ಹೇಳಿದರು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ನೀರೆಂದರೆ ಭಯ. ಅಂಥಿಂಥ ಭಯವಲ್ಲ, ಬಾವಿಗೆ ಬಗ್ಗಿ ನೋಡಿದರೂ ಅಂಗೈ ಬೆವರುವಂಥದ್ದು. ಆದರೆ ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವನು ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೆಂಡತಿಗೆ ಹೇಳಿರಲಿಲ್ಲ, ಹೆತ್ತ ತಾಯಿಗೂ ಹೇಳಿರಲಿಲ್ಲ. ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯುವವನಿಗೆ ಅದರಿಂದ ತೊಂದರೆಯೂ ಇರಲಿಲ್ಲ.

ತೊಂದರೆ ತಂದದ್ದು ಅವನ ಬಾಯಿ. ಒಂದು ದಿನ ಊಟಕ್ಕೆ ಕೂತಾಗ ಹೆಂಡತಿ, ದಿನಾ ಕಡಲು ನೋಡುತ್ತೇವೆ, ಒಂದು ದಿನವಾದರೂ ಅದರ ಮೇಲೆ ಹೋಗಿಲ್ಲ ಎಂದಳು. ತಾಯಿ ಹೌದು ಹೌದು ಎಂದು ತಲೆಯಾಡಿಸಿದರು. ಮಗಳು, ಮಗ ಇಬ್ಬರೂ ಊಟ ಬಿಟ್ಟು ಕುಣಿಯತೊಡಗಿದರು. ವ್ಯಾಪಾರಿ ಮೀಸೆಯ ಮೇಲೆ ಕೈಯಾಡಿಸಿ, ಅದೇನು ಮಹಾ, ನಮ್ಮದೇ ಒಂದು ದೋಣಿ ತೆಗೆದುಕೊಂಡರಾಯಿತು ಎಂದುಬಿಟ್ಟ. ಹೇಳಿಯಾದ ಮೇಲೆ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ.

ಹೊಸ ದೋಣಿ ಅವನ ಕೈಗೆ ಎಟುಕುವಂತಿರಲಿಲ್ಲ. ಯಾರಾದರೂ ಓಡಿಸಿ ಬಿಟ್ಟ ಹಳೆಯದನ್ನೇ ಹುಡುಕಿದ. ನಮ್ಮ ಹೊಳೆಯಲ್ಲಿ ಹುಟ್ಟು ಹಾಕಿಕೊಂಡು ಹೋಗುವ ದೋಣಿಯಂತಲ್ಲ ಅದು. ಹಿಂದೆ ಎಂಜಿನ್, ಸುತ್ತ ಬಯಲು, ನಟ್ಟನಡುವೆ ಎದೆಯೆತ್ತರದ ಒಂದು ಕಟ್ಟೆ, ಆ ಕಟ್ಟೆಗೆ ಚಕ್ರ. ನಡೆಸುವವನು ಅಲ್ಲಿ ನಿಂತು ಚಕ್ರ ಹಿಡಿಯಬೇಕು. ಕೋಣೆಯಿಲ್ಲ, ಮರೆಯಿಲ್ಲ. ಮುಂದೆ ಕೂತವರಿಗೆ ಅವನ ಮುಖ ಕಾಣುತ್ತದೆ, ಹಿಂದೆ ಕೂತವರಿಗೆ ಬೆನ್ನು ಕಾಣುತ್ತದೆ. ಸಂಸಾರ ಕಟ್ಟಿಕೊಂಡು ಹೋಗುವವರಿಗೆ ಇದೇ ಸರಿ, ಮಕ್ಕಳು ಕಣ್ಣೆದುರಿಗೇ ಇರುತ್ತಾರೆ ಎಂದು ಅವನು ವಿಚಾರಿಸಿದವರೆಲ್ಲ ಹೇಳಿದರು.

ವ್ಯಾಪಾರಿ ದೋಣಿಯಿಂದ ದೋಣಿಗೆ ಅಲೆದ. ತೆಂಗಿನಕಾಯಿ ಆರಿಸುವವರ ಹಾಗೆ ಬೆರಳ ಗಂಟಿನಿಂದ ಬಡಿದು ಸದ್ದು ಕೇಳಿದ. ಎಂಜಿನ್ ಶುರು ಮಾಡಿಸಿದ, ನಿಲ್ಲಿಸಿದ, ಮತ್ತೆ ಶುರು ಮಾಡಿಸಿದ. ಒಂದಕ್ಕೆ ತೇಪೆ ಹಾಕಿದೆ, ಬೇಡ ಎಂದ. ಇನ್ನೊಂದರ ಬಣ್ಣ ತೀರಾ ಹೊಸದು, ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಎಂದ. ಪಾಪ, ಅವನಿಗೆ ಬೇಕಾಗಿದ್ದುದು ಬೇಡ ಎನ್ನಲು ಒಂದು ನೆಪ. ಕೊನೆಗೆ ಒಬ್ಬ ದೋಣಿಗಾರನ ಹತ್ತಿರ ಅವನಿಗೆ ಯಾವ ನೆಪವೂ ಸಿಗಲಿಲ್ಲ. ದೋಣಿ ಚೊಕ್ಕವಾಗಿತ್ತು, ಎಂಜಿನ್ ಒಂದೇ ಎಳೆತಕ್ಕೆ ಮಾತಾಡಿತು, ಮಾರುವವನೂ ನೇರ ಮನುಷ್ಯ.

ಆ ದಂಡೆಯವರಲ್ಲಿ ಒಂದು ಪದ್ಧತಿ ಇತ್ತು. ಹಳೆಯ ದೋಣಿ ಮಾರುವವನು ಮೊದಲು ತನ್ನ ಮನೆಮಂದಿಯನ್ನೆಲ್ಲ ಅದರಲ್ಲಿ ಕೂರಿಸಿಕೊಂಡು ಅಳಿವೆಯವರೆಗೆ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿಯವರೆಗೆ, ಹೋಗಿ ಬರಬೇಕು. ಕೊಳ್ಳುವವನು ದಡದಲ್ಲಿ ನಿಂತು ನೋಡಬೇಕು. ಆಮೇಲೆಯೇ ದೋಣಿಯ ಹಗ್ಗ ಕೈ ಬದಲಾಗುವುದು.

"ನಿಲ್ಲಿ ಸಾಹುಕಾರ್ರೇ, ಮನೆಯವಳನ್ನೂ ಮಕ್ಕಳನ್ನೂ ಕರೀತೇನೆ. ನಾವು ಒಂದು ಸುತ್ತು ಹೋಗಿ ಬರ್ತೇವೆ, ನೀವು ಕಣ್ಣಾರೆ ನೋಡಿ," ಎಂದ ದೋಣಿಗಾರ.

ವ್ಯಾಪಾರಿಯ ಜೀವ ಒಳಗೇ ಹ್ಞೂಂ ಎಂದಿತು. ಆದರೆ ದಡದ ಮೇಲಿನ ಮನೆಯ ಬಾಗಿಲಲ್ಲಿ ದೋಣಿಗಾರನ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ನಿಂತಿದ್ದಳು, ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಬಲೆ ಹೊಲಿಯುತ್ತಿದ್ದ ಗಂಡಸರು ತಲೆಯೆತ್ತಿ ನೋಡಿದರು. ಇಷ್ಟು ಪರೀಕ್ಷೆ ಮಾಡಿದ ಮೇಲೂ ಇವನಿಗೆ ಹೆದರಿಕೆಯೇ ಎಂದು ಅವರು ನಕ್ಕುಬಿಟ್ಟರೆ?

"ಛೆ ಛೆ, ಅವರಿಗ್ಯಾಕೆ ತೊಂದರೆ? ನಿಮ್ಮ ಮಾತೇ ಸಾಕು," ಎಂದ.

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಮೆಚ್ಚಿದರು. ಬಿಸಿಲೂ ಏರಿತ್ತು, ದೋಣಿಗಾರ ಒತ್ತಾಯ ಮಾಡಲಿಲ್ಲ. ಇಬ್ಬರೇ ಹತ್ತಿ ಹೊಳೆಯಲ್ಲಿ ಒಂದು ಸುತ್ತು ಹೋಗಿ ಬಂದರು. ದೋಣಿ ಸೊಗಸಾಗಿ ಓಡಿತು. ವ್ಯಾಪಾರಿ ಹಗ್ಗ ಕೈಗೆ ತೆಗೆದುಕೊಂಡ.

ಎಂಜಿನ್ ಕಟ್ಟಿದ ಹಲಗೆಯ ಕೆಳಗೆ ಒಂದು ಗೇಣುದ್ದದ ಬಿರುಕು ಇತ್ತು. ಒಬ್ಬರಿಬ್ಬರು ಕೂತರೆ ಅದು ನೀರಿನಿಂದ ಮೇಲೆಯೇ ಉಳಿಯುತ್ತಿತ್ತು. ದೋಣಿಗಾರ ಯಾವಾಗಲೂ ಗಾಳ ಹಿಡಿದು ಒಬ್ಬನೇ ಹೋದವನು, ಅವನಿಗೂ ಅದು ಗೊತ್ತಿರಲಿಲ್ಲ. ಸಂಸಾರ ಪೂರ್ತಿ ಕೂತು ದೋಣಿಯ ಹಿಂಭಾಗ ತಗ್ಗಿದರೆ ಮಾತ್ರ ಆ ಬಿರುಕು ಮುಳುಗಿ ನೀರು ಕುಡಿಯುವುದು. ಅದನ್ನು ತಿಳಿಯಲೆಂದೇ ಹಿಂದಿನವರು ಆ ಪದ್ಧತಿ ಇಟ್ಟಿದ್ದರು.

ವ್ಯಾಪಾರಿ ಕೆಲವು ದಿನ ಒಬ್ಬನೇ ಹೊಳೆಯಲ್ಲಿ ಓಡಿಸಿ ಕೈ ಪಳಗಿಸಿಕೊಂಡ. ಕೈ ಪಳಗಿತು, ಎದೆ ಪಳಗಲಿಲ್ಲ. ಒಂದು ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಎಲ್ಲರನ್ನೂ ಹತ್ತಿಸಿದ. ಮಕ್ಕಳನ್ನು ಮುಂದೆ ಕೂರಿಸಿದ. ಕುಲುಕಾಟ ಕಡಿಮೆಯೆಂದು ತಾಯಿಯನ್ನೂ ಹೆಂಡತಿಯನ್ನೂ ಹಿಂದೆ ಕೂರಿಸಿದ. ತಾನು ನಡುವೆ ನಿಂತ. ಆ ದೋಣಿಯಲ್ಲಿ ಮುಖ ಅಡಗಿಸಲು ಜಾಗವಿಲ್ಲ ಎಂಬುದು ಅವನಿಗೆ ಆಗ ಅರ್ಥವಾಯಿತು. ಮಕ್ಕಳ ಕಡೆಗೆ ನಗು ಹಚ್ಚಿಕೊಂಡ. ಕಾಲು ನಡುಗುವುದು ಹಿಂದಿನವರಿಗೆ ಕಾಣಬಾರದೆಂದು ಮೊಣಕಾಲನ್ನು ಕಟ್ಟೆಗೆ ಒತ್ತಿಹಿಡಿದು ಕಂಬದ ಹಾಗೆ ನಿಂತ.

ಹೊಳೆಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ತಾಯಿಯ ಪಾದಕ್ಕೆ ತಣ್ಣಗಾಯಿತು. ಮುದುಕಿ ಬಗ್ಗಿ ನೋಡಿದರು. ಹಲಗೆಯ ಮೇಲೆ ನೀರು ಆಡುತ್ತಿತ್ತು. ಮಗನ ಬೆನ್ನು ನೋಡಿದರು. ಇಷ್ಟು ನೆಟ್ಟಗೆ ನಿಂತಿದ್ದಾನೆ, ಅವನಿಗೆ ತಿಳಿಯದ್ದು ನನಗೇನು ತಿಳಿದೀತು ಎಂದುಕೊಂಡು ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತರು.

ಹೆಂಡತಿಯೂ ನೀರು ಕಂಡಳು. ಎಷ್ಟು ದಿನ ಅಲೆದು ಆರಿಸಿದ ದೋಣಿ, ಅತ್ತೆಯ ಎದುರಿಗೆ ಅದರಲ್ಲಿ ಹುಳುಕು ಹೇಳಿದರೆ ಗಂಡ ಚಿಕ್ಕವನಾಗುತ್ತಾನೆ ಎಂದು ಸುಮ್ಮನಾದಳು. ಬುತ್ತಿಯ ಚೀಲವನ್ನು ಮಡಿಲಿಗೆ ಎತ್ತಿಕೊಂಡಳು. ಮುಂದೆ ಕೂತ ಮಗಳಿಗೆ ದೋಣಿಯ ಮೂತಿ ಮೇಲಕ್ಕೆದ್ದು ಕಡಲೇ ಕಾಣದಂತಾಗಿತ್ತು. ತಮ್ಮನ ಅಂಗಿಯನ್ನು ಹಿಡಿದುಕೊಂಡು ಅಪ್ಪನ ಮುಖ ನೋಡಿದಳು. ಅಪ್ಪ ನಗುತ್ತಿದ್ದ. ಅವಳೂ ನಕ್ಕಳು. ಅವಳು ನಕ್ಕದ್ದನ್ನು ಕಂಡು ವ್ಯಾಪಾರಿ, ಮಕ್ಕಳು ಎಷ್ಟು ಖುಷಿಯಾಗಿದ್ದಾರೆ, ನಾನೊಬ್ಬನೇ ಪುಕ್ಕಲ ಎಂದು ಇನ್ನಷ್ಟು ನಕ್ಕ. ಎಲ್ಲರೂ ನಗುತ್ತಿದ್ದ ಆ ದೋಣಿ ಸದ್ದಿಲ್ಲದೆ ತುಂಬುತ್ತಿತ್ತು.

ಅಳಿವೆಯ ಬಾಯಿ ಬಂತು. ಅಲ್ಲಿ ಹೊಳೆಯ ನೀರು, ಕಡಲ ನೀರು ಒಂದನ್ನೊಂದು ತಳ್ಳಿ ಅಲೆ ಎಬ್ಬಿಸುತ್ತವೆ. ಚಕ್ರ ಭಾರವಾಯಿತು. ಎಡಕ್ಕೆ ತಿರುಗಿಸಿದರೆ ದೋಣಿ ಯೋಚನೆ ಮಾಡಿ ತಿರುಗುತ್ತಿತ್ತು. ವಾಪಸು ಹೋಗೋಣ ಎಂದು ವ್ಯಾಪಾರಿಯ ಮನಸ್ಸು ಕೂಗಿತು. ಇಲ್ಲಿಂದ ತಿರುಗಿಸಿದರೆ ಗೊತ್ತಾಗಿಬಿಡುತ್ತದೆ, ಇನ್ನು ಸ್ವಲ್ಪ ದೂರ ಹೋಗಿ ಏನಾದರೂ ನೆಪ ಹೇಳಿ ತಿರುಗಿಸೋಣ ಎಂದುಕೊಂಡ. ಆ ಸ್ವಲ್ಪ ದೂರದಲ್ಲಿ ಏನಿತ್ತು, ಬಲ್ಲೆಯಾ ಸಂಗಯ್ಯ? ಆಳ ಇತ್ತು.

ಮೊದಲ ಅಲೆಯ ಮೇಲೆ ದೋಣಿ ಹೇಗೋ ಏರಿತು. ಎರಡನೆಯ ಅಲೆಗೆ ಏಳಲಿಲ್ಲ. ಅಲೆ ಮಕ್ಕಳ ತಲೆಯ ಮೇಲಿಂದಲೇ ಹಾದುಹೋಯಿತು. ಎಲ್ಲರೂ ಚೆನ್ನಾಗಿದ್ದೀರಾ ಎಂದು ಗತ್ತಿನಿಂದ ಕೇಳಲು ವ್ಯಾಪಾರಿ ಬಾಯಿ ತೆರೆದ. ಬಾಯಿಂದ ಬಂದದ್ದು ಬೇರೆಯೇ.

"ಅಮ್ಮಾ, ನಂಗೆ ಹೆದರಿಕೆ ಆಗ್ತದೆ!"

ಅಷ್ಟು ಅಂದದ್ದೇ ತಡ, ದೋಣಿಯಲ್ಲಿದ್ದವರೆಲ್ಲ ಬಾಯಿ ಬಿಟ್ಟರು. ಆಗಿನಿಂದ ನನ್ನ ಕಾಲಡಿ ನೀರು ಎಂದು ತಾಯಿ ಕೂಗಿದರು. ಎಂಜಿನ್ನಿನ ಬುಡದಿಂದ ಬರುತ್ತಿದೆ ಎಂದು ಹೆಂಡತಿ ಕೂಗಿದಳು. ಮೂತಿ ಮೇಲೆದ್ದಿದೆ, ಎಲ್ಲರೂ ಮುಂದೆ ಬನ್ನಿ ಎಂದು ಮಗಳು ಕೂಗಿದಳು. ಮಗ ಗಟ್ಟಿಯಾಗಿ ಅತ್ತ. ತಾಯಿ, ಹೆಂಡತಿ ಇಬ್ಬರೂ ನೀರಿನಲ್ಲಿ ತೆವಳಿಕೊಂಡು ಮುಂದಕ್ಕೆ ಬಂದರು. ಮುಂದೆ ಭಾರ ಬಿದ್ದು ಹಿಂಭಾಗ ಎದ್ದಿತು, ಬಿರುಕು ನೀರಿನಿಂದ ಮೇಲಕ್ಕೆ ಬಂತು. ಹೆಂಡತಿ ಬುತ್ತಿಯ ಡಬ್ಬಿಯಲ್ಲಿದ್ದ ಅನ್ನವನ್ನು ಕಡಲಿಗೆ ಸುರಿದು ಅದೇ ಡಬ್ಬಿಯಿಂದ ನೀರು ಎತ್ತಿ ಎತ್ತಿ ಚೆಲ್ಲಿದಳು. ವ್ಯಾಪಾರಿ ಅಳುತ್ತ, ಗಡಗಡ ನಡುಗುತ್ತ, ಯಾರಿಂದ ಏನನ್ನೂ ಮುಚ್ಚಿಡದೆ ಚಕ್ರ ತಿರುಗಿಸಿದ. ದೋಣಿಯನ್ನು ಅಳಿವೆಯ ಪಕ್ಕದ ಮರಳ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದ.

ಎಲ್ಲರೂ ಬದುಕಿದರು. ಮರಳಿನ ಮೇಲೆ ಒದ್ದೆಯಾಗಿ ಕೂತಿದ್ದ ತಾಯಿಯ ಪಾದ ಹಿಡಿದುಕೊಂಡು ವ್ಯಾಪಾರಿ ಕೇಳಿದ: "ಅಮ್ಮಾ, ಅಷ್ಟು ಹೊತ್ತು ನೀರಿನಲ್ಲಿ ಕೂತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತಾ?"

"ನೀನು ಅಷ್ಟು ಗಟ್ಟಿಯಾಗಿ ನಿಂತಿದ್ದೆಯಲ್ಲ, ಮಗಾ," ಎಂದರು ತಾಯಿ.

ಗುರು ಕತೆ ನಿಲ್ಲಿಸಿದರು.

ಕತೆ ಸಂಗಯ್ಯನಿಗೆ ಹಿಡಿಸಿತ್ತು, ಆದರೆ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. "ಅವನು ಪಾಪ, ಬಟ್ಟೆ ಮಾರುವವನು ಗುರುಗಳೇ. ಭಯ ಇದ್ದದ್ದು ಸಹಜ. ನಿಮ್ಮಂಥವರಿಗೆ ಭಯ ಎಂಬುದೇ ಇಲ್ಲವಲ್ಲ. ನಾನು ಹಾಗೆ ಆಗಬೇಕು," ಎಂದ.

ಗುರು ಅವನ ಮುಖವನ್ನೇ ನೋಡಿದರು.

"ನಾಳೆ ನಿನ್ನನ್ನು ಕಳಿಸುವುದಕ್ಕೆ ನನಗೆ ಭಯವಾಗುತ್ತಿದೆ, ಸಂಗಯ್ಯ."