ಹಾರನ್ ಹೊಡೆದುಕೊಂಡು ಬಂದ ನೀರು

ಹತ್ತಿರ ಬನ್ನಿ, ಗಟ್ಟಿಯಾಗಿ ಹೇಳುವ ಮಾತಲ್ಲ ಇದು. ನಾನು ಹೇಳಿದೆ ಅಂತ ಬಾಯಿಬಿಟ್ಟರೆ ಮಾರಮ್ಮನಾಣೆ!

ನಮ್ಮೂರು ನಾಲೆಯ ಕಟ್ಟಕಡೆಯದು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ನಮ್ಮ ಚಿಕ್ಕತಾಯಮ್ಮ. ಹಂಚಲು ನೀರೇ ಇಲ್ಲ. ನಾಟಿಗೆಂದು ಒಟ್ಲು ಹಾಕಿ ಬೆಳೆಸಿದ ಭತ್ತದ ಸಸಿ ಬಾಡುತ್ತಿತ್ತು. ಅಷ್ಟರಲ್ಲಿ ನದಿನೀರು ಪ್ರಾಧಿಕಾರದ ಕೆಲಸ ನೋಡಲು ಶಾಸಕರ ಸಮಿತಿ ಬರುತ್ತದೆ ಅಂತಾಯಿತು. ಪ್ರಾಧಿಕಾರದ ಇಂಜಿನಿಯರು ಹೆದರಿ ಟ್ಯಾಂಕರುಗಳಲ್ಲಿ ನೀರು ತರಿಸಿ ನಾಲೆ ತುಂಬಿಸಿದ.

"ನೀರು ಬಂತು ಅನ್ನಬೇಕು. ಇಲ್ಲ ಅಂದರೆ ನಿನ್ನ ಕೆಲಸ ಹೋಯ್ತು" ಅಂತ ಚಿಕ್ಕತಾಯಮ್ಮನಿಗೆ ಅಂದ.

ಸಮಿತಿಯ ಅಧ್ಯಕ್ಷರು ಕೇಳಿದರು: "ಇಲ್ಲಿಗೆ ನೀರು ಬಂತೇನಮ್ಮ?"

"ಬಂತು ಸ್ವಾಮಿ. ಬೆಳಿಗ್ಗೆ ಹಾರನ್ ಹೊಡ್ಕೊಂಡು ಬಂತು. ನಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ."

ಶಾಸಕರು ಹೊಟ್ಟೆ ಹಿಡಿದು ನಕ್ಕರು. ಇಂಜಿನಿಯರನ ಮುಖ ಒಡೆದ ಹಾಲಿನ ಹಾಗಾಯಿತು.

ಆಮೇಲೆ ವಿಧಾನಸಭೆಯಲ್ಲಿ ಹೊಸ ಕಾನೂನಾಯಿತು, ಪ್ರಾಧಿಕಾರಕ್ಕೆ ಹೊಸ ಹೆಸರಾಯಿತು, ಬೋರ್ಡಿಗೆ ಬಣ್ಣವೂ ಬಂತು. ನೀರು ಮಾತ್ರ ಬರಲಿಲ್ಲ. ತನ್ನ ಜಾಣತನ ಯಾರಿಗೆ ದಕ್ಕಿತು ಅಂತ ಚಿಕ್ಕತಾಯಮ್ಮ ತೂಬಿನ ಮೇಲೆ ಕೂತು ಕೊರಗುತ್ತಿದ್ದಳು. ಪಕ್ಕದ ಮನೆ ಜವರಮ್ಮ ಒಣಗಿದ ಸಸಿಯ ಕಟ್ಟು ಹಿಡಿದು ಬಂದು, ಮುಖದ ಮೇಲೇ ಅಂದಳು:

"ಅವರನ್ನ ಯಾಕೆ ನಗಿಸ್ದೆ ಅಕ್ಕಾ? ಅವರು ಅತ್ತಿದ್ರೆ ಒಂದು ಹನಿಯಾದ್ರೂ ಬರ್ತಿತ್ತೇನೋ."