ಕಡಲು ಇನ್ನೂ ಕೊಸರು ಹಾಕುತ್ತಿದೆ

ಒಂದು ಒಗಟು ಹೇಳ್ತೀನಿ, ಬಿಡಿಸಿ. ಲೋಕವೆಲ್ಲ ಅದಕ್ಕೆ ಉಣಿಸುತ್ತೆ, ಅದು ಯಾರಿಗೂ ಒಂದು ತುತ್ತು ಕೊಡಲ್ಲ. ತಿಂದಷ್ಟೂ ಹಸಿವು, ಹಸಿದಷ್ಟೂ ಮರ್ಯಾದೆ. ಏನದು?

ಬೆಂಕಿ ಅಂದ್ರಾ? ತಪ್ಪು. ಪಕ್ಕದ್ಮನೆ ಮಾವ ಅಂದ್ರಾ? ಅದೂ ತಪ್ಪು, ಆದರೆ ಹತ್ತಿರ ಬಂದ್ರಿ. ಉತ್ತರ ಕಡಲು. ಈಗಿನದ್ದಲ್ಲ, ಆಗಿನ ಕಡಲು. ಅದನ್ನು ನೀವು ನೋಡೇ ಇಲ್ಲ, ಹೇಗೆ ಹೇಳ್ತೀರಿ!

ಭೂಮಿ ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿದ್ದ ಕಾಲ ಅದು. ಆಗ ದುಡ್ಡು ಇರಲಿಲ್ಲ, ಒಂದು ಕೊಂಡರೆ ಬದಲಿಗೆ ಇನ್ನೊಂದು ಅಳೆದು ಕೊಡಬೇಕಿತ್ತು. ಮೋಡ ಮಳೆ ಅಳೆದು ಕೊಡುತ್ತಿತ್ತು, ಮರ ನೆರಳು ಅಳೆದು ಕೊಡುತ್ತಿತ್ತು. ಅಳೆದು ಮುಗಿದ ಮೇಲೆ ಇನ್ನೊಂದಿಷ್ಟು ಕೊಸರು. ತಗೊಂಡವರು "ಸಾಕು" ಅನ್ನೋವರೆಗೂ ಕೊಸರು ಹಾಕಲೇಬೇಕು. "ಸಾಕು" ಅಂದಮೇಲೇ ವ್ಯಾಪಾರ ಮುಗಿದ ಹಾಗೆ. ಸೂರ್ಯನೂ ಮೀರದ ಪದ್ಧತಿ ಇದು.

ಕಡಲಿಗೆ ಮಾತ್ರ ಕೊಸರು ಹಾಕಿ ಗೊತ್ತೇ ಇರಲಿಲ್ಲ. ಅದು ಎದ್ದು ನಿಂತರೆ ಆಕಾಶ ಪಕ್ಕಕ್ಕೆ ಸರಿಯುತ್ತಿತ್ತು. ಅಷ್ಟು ದೊಡ್ಡದು! ಅದರ ಮುಖ ನೋಡಿದವರು ಅಳೆಯೋಕೆ ಮೊದಲೇ "ಸಾಕು ದಣಿ, ಸಾಕು" ಅಂದುಬಿಡುತ್ತಿದ್ದರು.

ಹಾಗೇ ಅದು ಹೊಳೆಗಳನ್ನು ಕೊಂಡಿತು. ಹೊಳೆಗಳ ಬಲದಿಂದ ಮೋಡಗಳನ್ನು ಕೊಂಡಿತು. ಮೋಡಗಳ ಬಲದಿಂದ ಗಾಳಿಯನ್ನು ಕೊಂಡಿತು. ನ್ಯಾಯ ಹೇಳುತ್ತಿದ್ದ ಬೆಟ್ಟದ ತಲೆಗೆ ಹಿಮದ ಪೇಟ ಸುತ್ತಿತು. ಅವತ್ತಿನಿಂದ ಬೆಟ್ಟ ಬಾಯಿ ಬಿಡಲಿಲ್ಲ.

ಉಳಿದವಳು ಒಬ್ಬಳೇ. ದಂಡೆಯ ಮೇಲಿದ್ದ ಬೊಗಸೆಯಷ್ಟು ಸಿಹಿನೀರಿನ ಒರತೆ, ಹೆಸರು ಜಿನುಗಿ. ಕಾಡಿನ ಬಾಯಾರಿಕೆಯೆಲ್ಲ ಅವಳ ಹತ್ತಿರವೇ ಬರುತ್ತಿತ್ತು.

ಒಂದು ದಿನ ಗಾಳಿ ಬಂದ. "ಏ ಜಿನುಗಿ, ದಣಿಗೆ ನೀನು ಬೇಕಂತೆ."

"ಅವರ ಹತ್ತಿರ ಇಲ್ಲದ ನೀರಾ ಗಾಳಿಯಣ್ಣ? ನಾನ್ಯಾಕೆ?"

"ನೀನೊಬ್ಬಳು ಅವರವಳಲ್ಲವಲ್ಲ, ಅದಕ್ಕೇ. ಆಗಲ್ಲ ಅಂದ್ರೆ ಮಳೆ ನಿಲ್ಲಿಸಿ ನಿನ್ನ ಒಣಗಿಸ್ತಾರೆ."

ನೀರು ಕುಡಿಯುತ್ತಿದ್ದ ಜಿಂಕೆ ತಲೆ ಎತ್ತಿತು. "ಹೋಗಬೇಡ ತಾಯಿ. ನಾಳೆ ನನ್ನ ಮರಿ ಯಾರ ಬಾಗಿಲಲ್ಲಿ ನಾಲಿಗೆ ಚಾಚಲಿ?"

ಅಷ್ಟರಲ್ಲಿ ಕಡಲೇ ಬಂತು. ಲೋಕ ಉಸಿರು ಬಿಗಿಹಿಡಿಯಿತು.

"ನಿನ್ನನ್ನು ಕೊಳ್ಳೋಕೆ ಬಂದಿದ್ದೀನಿ. ಬದಲಿಗೆ ಏನು ಬೇಕೋ ಕೇಳೇ ಹುಡುಗಿ!"

"ಒಂದು ಬೊಗಸೆ ಚಿಪ್ಪು ಕೊಡಿ ದಣಿ. ಮೇಲೆ ಕೊಸರು."

ಕಡಲು ನಕ್ಕ ನಗೆಗೆ ನಕ್ಷತ್ರಗಳು ಅಲ್ಲಾಡಿದವು. "ಕೊಸರಾ? ನೀನು ಸಾಕು ಅನ್ನೋವರೆಗೂ ಹಾಕ್ತೀನಿ. ಎಲ್ಲರೂ ಕೇಳಿಸ್ಕೊಳ್ಳಿ!" ಸಾಕು ಅನ್ನದವರನ್ನು ಅದು ಕಂಡೇ ಇರಲಿಲ್ಲ, ಪಾಪ.

ಚಿಪ್ಪು ಸುರಿಯಿತು. ಆಮೇಲೆ ಕೊಸರು: ಇನ್ನಷ್ಟು ಚಿಪ್ಪು, ಶಂಖ, ರಾಶಿ ನೊರೆ. ಜಿನುಗಿ ನಡುಗುತ್ತಾ ಮರಳಿನ ಕೆಳಗೆ ಇಳಿದಳು. ಬಾಯಿ ಮುಚ್ಚಿಕೊಂಡಳು.

ಕಡಲು ಹಿಂದೆ ಸರಿದು ಕಿವಿಗೊಟ್ಟಿತು. ಸದ್ದಿಲ್ಲ. ಮತ್ತೆ ಹಾಕಿತು, ಮತ್ತೆ ಸರಿದು ಕಿವಿಗೊಟ್ಟಿತು. ಸದ್ದಿಲ್ಲ.

"ಹೇಳೇ, ಸಾಕು ಅಂತ ಹೇಳೇ!" ಕಡಲು ಗರ್ಜಿಸಿತು. ವ್ಯಾಪಾರ ಮುಗಿಯದೆ ಅವಳನ್ನು ಸುಮ್ಮನೆ ನುಂಗಿಬಿಡೋ ಹಾಗೂ ಇಲ್ಲ. ಹೊಳೆ, ಮೋಡ, ಗಾಳಿ ಎಲ್ಲವನ್ನೂ ಕೊಂಡದ್ದು ಅದೇ ಪದ್ಧತಿಯ ಮೇಲೆ. ಅದನ್ನು ಮುರಿದರೆ ಒಂದೂ ತನ್ನದಲ್ಲ.

ದಣಿಗೆ ಕೈ ಬಿಡುವಿಲ್ಲ ಅಂತ ಗೊತ್ತಾದ ತಕ್ಷಣ ಗಾಳಿ ಮೆಲ್ಲಗೆ ಜಾರಿಕೊಂಡ. ಹೋಗುವಾಗ ಮೋಡಗಳನ್ನೂ ಕಾಡಿನ ಕಡೆ ಅಟ್ಟಿಕೊಂಡು ಹೋದ. ಜಿಂಕೆಮರಿಯ ಮೂಗಿನ ಮೇಲೆ ಮೊದಲ ಹನಿ ಬಿತ್ತು.

ಅದಕ್ಕೇ ಇವತ್ತಿಗೂ ತೆರೆ ದಂಡೆಗೆ ಬಂದು ಚಿಪ್ಪು ಸುರಿಯುತ್ತೆ, ಹಿಂದೆ ಸರಿದು ಕಿವಿಗೊಡುತ್ತೆ, ಮತ್ತೆ ಬರುತ್ತೆ.

ನಿಜ ಹೇಳಿಬಿಡ್ತೀನಿ. ಅಜ್ಜಿ ಹೇಳಿದ ಕತೆಯಲ್ಲಿ ಜಿನುಗಿ ಹೆದರಿ "ಸಾಕು" ಅಂದುಬಿಡ್ತಾಳೆ. ಅದು ನನಗೆ ಸೇರಲಿಲ್ಲ, ಕೊನೆಯನ್ನು ನಾನೇ ಕಟ್ಟಿದೆ. ಆದರೆ ಕಡಲ ಪಕ್ಕದ ಮರಳು ತೋಡಿದರೆ ಸಿಹಿನೀರು ಬರುತ್ತಲ್ಲ, ಅದನ್ನು ಮಾತ್ರ ನಾನು ಕಟ್ಟಿದ್ದಲ್ಲ.